ನಿಮ್ಮ ಕಂಪನಿಯ ಹೆಸರಿನಲ್ಲಿ ಬೇರೆ ಯಾರೋ: ಲಿಂಕ್ಡ್‌ಇನ್‌ನಲ್ಲಿ ನಕಲಿಗಳನ್ನು ಗುರುತಿಸುವ, ಎದುರಿಸುವ ಬಗೆ

ಲಿಂಕ್ಡ್‌ಇನ್‌ನಂಥ ವೃತ್ತಿಪರ ಜಾಲತಾಣದಲ್ಲಿ ತಾನು ಇಂಥ ಕಂಪನಿಯ ಉದ್ಯೋಗಿ ಎಂದು ಬರೆದುಕೊಳ್ಳುವುದಕ್ಕೆ ಸಾಮಾನ್ಯವಾಗಿ ಆ ಕಂಪನಿಯ ಒಪ್ಪಿಗೆ ಬೇಕಾಗುವುದಿಲ್ಲ. ಹಾಗೆ ಬರೆದುಕೊಂಡವರ ಹೆಸರು ಕಂಪನಿಯ ಅಸಲಿ ಪುಟದಲ್ಲಿರುವ ಉದ್ಯೋಗಿಗಳ ಪಟ್ಟಿಗೆ ತಾನಾಗಿಯೇ ಸೇರಿಕೊಳ್ಳುತ್ತದೆ. "ಕಂಪನಿಯ ಪುಟದಲ್ಲೇ ಅವರ ಹೆಸರಿತ್ತಲ್ಲ" ಎಂದು ಮೋಸಹೋದವರು ಹೇಳುವುದು ಇದೇ ಕಾರಣಕ್ಕೆ. ಜನರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ಆ ಪಟ್ಟಿ ಒಟ್ಟುಗೂಡಿಸಿ ತೋರಿಸುತ್ತದೆ, ಅಷ್ಟೆ. ಅದರ ಹಿಂದೆ ಕಂಪನಿಯ ಸಹಿ ಇರುವುದಿಲ್ಲ.

ನಕಲಿಗಳಲ್ಲಿ ಎರಡು ಬಗೆ ಹೆಚ್ಚಾಗಿ ಕಾಣುತ್ತವೆ: ಕಂಪನಿಯ ಲೋಗೋ, ಪರಿಚಯ, ಕಚೇರಿಯ ವಿಳಾಸಗಳನ್ನು ಎತ್ತಿಕೊಂಡು ಕಟ್ಟಿದ ಪ್ರತಿರೂಪದ ಪುಟ ಒಂದು, ನೇಮಕಾತಿ ಅಧಿಕಾರಿಯೋ ಖರೀದಿ ವಿಭಾಗದ ಮುಖ್ಯಸ್ಥರೋ ಎಂದು ಹೇಳಿಕೊಳ್ಳುವ ನಕಲಿ ವ್ಯಕ್ತಿ ಇನ್ನೊಂದು. ಹೆಚ್ಚು ಹಾನಿ ಮಾಡುವುದು ಎರಡನೆಯದೇ ಎಂಬುದು ನನ್ನ ಅನಿಸಿಕೆ, ಏಕೆಂದರೆ ಪುಟ ಸುಮ್ಮನೆ ಕುಳಿತಿರುತ್ತದೆ, ವ್ಯಕ್ತಿ ತಾನಾಗಿ ಬಂದು ಮಾತನಾಡಿಸುತ್ತಾನೆ.

ಅಪರಿಚಿತ ಪ್ರೊಫೈಲ್ ಸಂದೇಶ ಕಳುಹಿಸಿದಾಗ ಮೊದಲು ಅದರ ವಯಸ್ಸನ್ನು ನೋಡಿರಿ. ಪ್ರೊಫೈಲ್ ಯಾವ ತಿಂಗಳು ತೆರೆಯಲ್ಪಟ್ಟಿತು ಎಂಬುದನ್ನು ತೋರಿಸುವ ವ್ಯವಸ್ಥೆಯನ್ನು ಲಿಂಕ್ಡ್‌ಇನ್ 2022ರಲ್ಲಿ ತಂದಿತು. ಹದಿನೈದು ವರ್ಷಗಳ ಅನುಭವ ಬರೆದುಕೊಂಡವರ ಖಾತೆ ಮೂರು ವಾರಗಳ ಹಿಂದೆ ಹುಟ್ಟಿದ್ದರೆ ಅದಕ್ಕೊಂದು ವಿವರಣೆ ಬೇಕು. ದೃಢೀಕರಣದ ಗುರುತು ಇದ್ದರೆ ಅದನ್ನು ಒತ್ತಿ, ಏನನ್ನು ದೃಢೀಕರಿಸಲಾಗಿದೆ ಎಂದು ಓದಬೇಕು. ಗುರುತಿನ ಚೀಟಿಯ ಆಧಾರದ ಮೇಲೆ ಸಿಕ್ಕಿದ ಗುರುತು ಆ ವ್ಯಕ್ತಿಯ ಹೆಸರು ನಿಜವೆಂದಷ್ಟೇ ಹೇಳುತ್ತದೆ. ಅವರು ಆ ಕಂಪನಿಯಲ್ಲಿದ್ದಾರೆ ಎಂಬುದಕ್ಕೆ ಕೆಲಸದ ಇಮೇಲ್ ಮೂಲಕವೋ ಅಂಥ ಬೇರೆ ದಾರಿಯಲ್ಲೋ ಉದ್ಯೋಗವೂ ದೃಢಪಟ್ಟಿರಬೇಕು. ಈ ಎರಡನ್ನು ಒಂದೇ ಎಂದು ಭಾವಿಸುವವರು ಬಹಳ.

ಭಾವಚಿತ್ರವನ್ನು ನಂಬಿ ಕೂರುವ ಕಾಲ ಹೋಯಿತು. ಕಂಪ್ಯೂಟರ್ ಸೃಷ್ಟಿಸಿದ ಮುಖಗಳಂತೆ ತೋರುವ 1,000ಕ್ಕೂ ಹೆಚ್ಚು ಪ್ರೊಫೈಲ್‌ಗಳನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2022ರಲ್ಲಿ ಲಿಂಕ್ಡ್‌ಇನ್‌ನಲ್ಲಿ ಪತ್ತೆಹಚ್ಚಿದ್ದರು. ಆಗಿನ ಚಿತ್ರಗಳಲ್ಲಿ ಕಣ್ಣುಗಳು ಯಾವಾಗಲೂ ಚೌಕಟ್ಟಿನ ಒಂದೇ ಜಾಗದಲ್ಲಿ ಇರುತ್ತಿದ್ದವು, ಒಂದು ಕಿವಿಯ ಓಲೆ ಇನ್ನೊಂದು ಕಿವಿಗೆ ಹೊಂದುತ್ತಿರಲಿಲ್ಲ, ಕೂದಲಿನ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತಿತ್ತು. ಹೊಸ ತಂತ್ರಾಂಶಗಳು ಈ ದೋಷಗಳನ್ನು ಬಹುಮಟ್ಟಿಗೆ ತಿದ್ದಿಕೊಂಡಿವೆ. ಆದ್ದರಿಂದ ಚಿತ್ರದಲ್ಲಿ ದೋಷ ಕಂಡರೆ ಅನುಮಾನಿಸಿ, ಕಾಣದಿದ್ದರೆ ಅದರಿಂದ ಧೈರ್ಯ ತಂದುಕೊಳ್ಳಬೇಡಿ.

ಇದಕ್ಕಿಂತ ಗಟ್ಟಿಯಾದ ಸುಳಿವು ಸಿಗುವುದು ಆ ಸಂದೇಶ ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದರಲ್ಲಿ. ಎರಡನೆಯ ಅಥವಾ ಮೂರನೆಯ ಸಂದೇಶಕ್ಕೇ ಮಾತುಕತೆಯನ್ನು ವಾಟ್ಸ್‌ಆಪ್‌ಗೋ ಟೆಲಿಗ್ರಾಮ್‌ಗೋ ಸಾಗಿಸುವ ಆತುರ ಕಂಡರೆ ಎಚ್ಚರವಾಗಿರಿ, ಏಕೆಂದರೆ ಅಲ್ಲಿ ಜಾಲತಾಣದ ಕಣ್ಣು ಬೀಳುವುದಿಲ್ಲ. ಇಮೇಲ್ ಬಂದರೆ ವಿಳಾಸದಲ್ಲಿ 'ಅಟ್' ಚಿಹ್ನೆಯ ನಂತರದ ಭಾಗವನ್ನು, ಅಂದರೆ ಡೊಮೈನ್ ಹೆಸರನ್ನು, ಒಂದೊಂದೇ ಅಕ್ಷರವಾಗಿ ಓದಬೇಕು. ಇಂಗ್ಲಿಷಿನ ಸಣ್ಣ 'ಆರ್' ಮತ್ತು 'ಎನ್' ಅಕ್ಷರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮೊಬೈಲ್ ಪರದೆಯ ಮೇಲೆ ಅದು ಥೇಟ್ 'ಎಮ್' ಆಗಿ ಕಾಣುತ್ತದೆ. ಸಣ್ಣ 'ಎಲ್' ಇರಬೇಕಾದ ಕಡೆ 1 ಎಂಬ ಅಂಕಿ ಕುಳಿತಿರಬಹುದು. ಕಂಪನಿಯ ಹೆಸರಿನ ಮುಂದೆ ಅಡ್ಡಗೆರೆ ಹಾಕಿ 'ಕರಿಯರ್ಸ್' ಎಂದೋ 'ಎಚ್‌ಆರ್' ಎಂದೋ ಸೇರಿಸಿರಬಹುದು. ಡೊಮೈನ್ ನೋಂದಣಿಯ ದಿನಾಂಕವನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಿ ನೋಡಬಹುದು. ಹಳೆಯ ಕಂಪನಿಯ ಹೆಸರಿನಲ್ಲಿ ಕಳೆದ ತಿಂಗಳು ನೋಂದಣಿಯಾದ ಡೊಮೈನ್ ಸಿಕ್ಕಿತೆಂದರೆ ಮುಂದಿನ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಅಪರಿಚಿತರು ಕಳುಹಿಸುವ ಕಡತಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. 2022ರ ಮಾರ್ಚ್‌ನಲ್ಲಿ ಆಕ್ಸಿ ಇನ್ಫಿನಿಟಿ ಎಂಬ ಆನ್‌ಲೈನ್ ಆಟಕ್ಕೆ ಸೇರಿದ ರೋನಿನ್ ಎಂಬ ಕ್ರಿಪ್ಟೋ ವಹಿವಾಟಿನ ಜಾಲದಿಂದ 60 ಕೋಟಿ ಡಾಲರಿಗೂ ಹೆಚ್ಚಿನ ಕ್ರಿಪ್ಟೋ ಹಣ ಕಳುವಾಯಿತು. ಇದು ಉತ್ತರ ಕೊರಿಯಾದ ಲಾಜರಸ್ ಎಂಬ ಹ್ಯಾಕರ್ ಗುಂಪಿನ ಕೃತ್ಯವೆಂದು ಅಮೆರಿಕದ ಎಫ್‌ಬಿಐ ಹೇಳಿತು. ಆಟವನ್ನು ರೂಪಿಸಿದ ಕಂಪನಿಯ ಹಿರಿಯ ಎಂಜಿನಿಯರೊಬ್ಬರಿಗೆ, ಅಸ್ತಿತ್ವದಲ್ಲೇ ಇಲ್ಲದ ಕಂಪನಿಯೊಂದರ ಹೆಸರಿನಲ್ಲಿ ಲಿಂಕ್ಡ್‌ಇನ್ ಮೂಲಕ ಕೆಲಸದ ಆಸೆ ತೋರಿಸಿ, ಹಲವು ಸುತ್ತಿನ ಸಂದರ್ಶನ ನಡೆಸಿ, ಕೊನೆಗೆ ಆಫರ್ ಲೆಟರ್ ಎಂದು ಪಿಡಿಎಫ್ ಒಂದನ್ನು ಕಳುಹಿಸಲಾಗಿತ್ತು, ಅದನ್ನು ತೆರೆದಾಗ ಒಳಗಿದ್ದ ಗೂಢಚಾರ ತಂತ್ರಾಂಶ ಕಂಪನಿಯ ವ್ಯವಸ್ಥೆಗೆ ನುಗ್ಗಿತು ಎಂದು ಆ ವರ್ಷದ ಜುಲೈನಲ್ಲಿ ವರದಿಯಾಯಿತು. ಸಂದರ್ಶನ ನಡೆಯಿತು ಎಂಬ ಒಂದೇ ಕಾರಣಕ್ಕೆ ಕಂಪನಿ ನಿಜವೆಂದು ತಿಳಿಯಬಾರದು.

ಅನುಮಾನ ಬಂದಾಗ ಅವರು ಕೊಟ್ಟ ಲಿಂಕ್, ಅವರು ಕೊಟ್ಟ ಫೋನ್ ನಂಬರ್ ಯಾವುದನ್ನೂ ಬಳಸದೆ, ಕಂಪನಿಯ ಜಾಲತಾಣವನ್ನು ನೀವೇ ತೆರೆದು, ಅಲ್ಲಿರುವ ಸಂಖ್ಯೆಗೆ ಕರೆ ಮಾಡಿ "ಈ ಹೆಸರಿನವರು ನಿಮ್ಮಲ್ಲಿದ್ದಾರೆಯೇ, ಈ ಹುದ್ದೆ ಖಾಲಿ ಇದೆಯೇ" ಎಂದು ಕೇಳಿರಿ. ವೆಂಡರ್ ಒಬ್ಬರು ಬ್ಯಾಂಕ್ ಖಾತೆ ಬದಲಾಗಿದೆ ಎಂದು ತಿಳಿಸಿದರೂ ಇದೇ ಕ್ರಮ: ಹೊಸ ಪತ್ರದಲ್ಲಿರುವ ನಂಬರನ್ನು ಬಿಟ್ಟು, ನಿಮ್ಮ ಹಳೆಯ ಕಡತದಲ್ಲಿರುವ ನಂಬರಿಗೇ ಕರೆ ಮಾಡಬೇಕು.

ಇನ್ನು ನಿಮ್ಮದೇ ಸಂಸ್ಥೆಯ ಹೆಸರು ದುರ್ಬಳಕೆಯಾಗಿದ್ದರೆ, ಕೋಪದಲ್ಲಿ ಕೂಡಲೇ ರಿಪೋರ್ಟ್ ಮಾಡುವುದಕ್ಕೆ ಮುನ್ನ ಸಾಕ್ಷ್ಯ ಕಟ್ಟಿಕೊಳ್ಳಿರಿ. ಪುಟ ಕಣ್ಮರೆಯಾದ ಮೇಲೆ ಪೊಲೀಸರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಬ್ರೌಸರಿನ ಮೇಲ್ಭಾಗದ ವಿಳಾಸದ ಸಾಲು ಕಾಣುವಂತೆ ತೆಗೆದ ಸ್ಕ್ರೀನ್‌ಶಾಟ್, ಪ್ರೊಫೈಲಿನ ಪೂರ್ತಿ ಲಿಂಕ್, ದಿನಾಂಕ ಮತ್ತು ಸಮಯ, ಮೋಸಹೋದವರಿಗೆ ಬಂದ ಮೂಲ ಇಮೇಲ್ (ಫಾರ್ವರ್ಡ್ ಮಾಡಿದ್ದಲ್ಲ, ಏಕೆಂದರೆ ಅದರಲ್ಲಿ ಮೂಲ ಹೆಡರ್, ಅಂದರೆ ಇಮೇಲ್ ಎಲ್ಲಿಂದ ಹೇಗೆ ಬಂತು ಎಂಬ ದಾಖಲೆ, ಇರುವುದಿಲ್ಲ), ಹಣ ಕೇಳಿದ ಖಾತೆಯ ವಿವರ ಇವೆಲ್ಲ ಒಂದೆಡೆ ಇರಲಿ.

ನಂತರ ಪ್ರೊಫೈಲಿನಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿ ರಿಪೋರ್ಟ್ ಮಾಡಬಹುದು. ನಿಮ್ಮಲ್ಲಿ ಕೆಲಸವನ್ನೇ ಮಾಡದವರು ಉದ್ಯೋಗಿ ಎಂದು ಬರೆದುಕೊಂಡಿದ್ದರೆ ತಪ್ಪು ಮಾಹಿತಿಯ ಬಗ್ಗೆ ದೂರು ಕೊಡುವ ಪ್ರತ್ಯೇಕ ಅರ್ಜಿ ಇದೆ. ಲೋಗೋ ಮತ್ತು ಹೆಸರನ್ನು ಬಳಸಿದ ಪುಟಕ್ಕೆ ಟ್ರೇಡ್‌ಮಾರ್ಕ್ ಉಲ್ಲಂಘನೆಯ ಅರ್ಜಿ ಇದೆ. ಸಿಬ್ಬಂದಿಯೆಲ್ಲ ಒಟ್ಟಾಗಿ ರಿಪೋರ್ಟ್ ಒತ್ತುವುದಕ್ಕಿಂತ, ನೋಂದಣಿ ಸಂಖ್ಯೆಯೊಂದಿಗೆ ಸರಿಯಾಗಿ ತುಂಬಿದ ಒಂದು ಟ್ರೇಡ್‌ಮಾರ್ಕ್ ಅರ್ಜಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಕಲಿ ಡೊಮೈನ್ ಇದ್ದಲ್ಲಿ ಅದನ್ನು ನೋಂದಾಯಿಸಿದ ಸಂಸ್ಥೆಯ ದೂರು ವಿಭಾಗಕ್ಕೂ ಬರೆಯಿರಿ; ಪ್ರೊಫೈಲ್ ಹೋದರೂ ಡೊಮೈನ್ ಉಳಿದರೆ ನಾಳೆ ಇನ್ನೊಂದು ಪ್ರೊಫೈಲ್ ಅದನ್ನೇ ಬಳಸುತ್ತದೆ.

ಲಿಂಕ್ಡ್‌ಇನ್‌ನ ಉತ್ತರಕ್ಕಾಗಿ ಕಾಯುತ್ತಾ ಸುಮ್ಮನಿರುವುದು ದೊಡ್ಡ ತಪ್ಪು. ನಿಮ್ಮ ಲಿಂಕ್ಡ್‌ಇನ್ ಪುಟದಲ್ಲಿಯೂ ಕಂಪನಿಯ ಜಾಲತಾಣದಲ್ಲಿಯೂ ಅಂದೇ ಪ್ರಕಟಣೆ ಹೊರಡಿಸಿರಿ: "ನಮ್ಮ ನೇಮಕಾತಿಯ ಪತ್ರಗಳು ಈ ಒಂದು ಡೊಮೈನ್‌ನಿಂದ ಮಾತ್ರ ಬರುತ್ತವೆ. ಅರ್ಜಿ, ತರಬೇತಿ ಅಥವಾ ಲ್ಯಾಪ್‌ಟಾಪ್ ಹೆಸರಿನಲ್ಲಿ ನಾವು ಯಾರಿಂದಲೂ ಹಣ ಪಡೆಯುವುದಿಲ್ಲ. ಸಂದೇಹವಿದ್ದರೆ ಈ ವಿಳಾಸಕ್ಕೆ ಬರೆಯಿರಿ." ನಕಲಿ ಪುಟದ ಲಿಂಕನ್ನು ಒತ್ತಲು ಬರುವಂತೆ ಅದರಲ್ಲಿ ಹಾಕಬೇಡಿ. ಮೋಸಹೋಗಿ ನಿಮ್ಮ ಬಾಗಿಲಿಗೆ ಬಂದವರಿಗೆ "ಇದಕ್ಕೂ ನಮಗೂ ಸಂಬಂಧವಿಲ್ಲ" ಎಂದು ಒಂದೇ ಸಾಲಿನ ಉತ್ತರ ಕೊಡುವ ಸಂಸ್ಥೆಗಳೂ ಇವೆ. ಕಾನೂನಿನ ಪ್ರಕಾರ ಅದು ಸರಿಯಿರಬಹುದು, ಆದರೆ ನಿಮಗೆ ಬೇಕಾದ ಸಾಕ್ಷ್ಯವೆಲ್ಲ ಇರುವುದು ಅವರ ಫೋನಿನಲ್ಲಿಯೇ. ಹಣ ಹೋಗಿದ್ದರೆ ಮೊದಲು ಬ್ಯಾಂಕಿಗೆ ತಿಳಿಸಲು, ಕಡತ ತೆರೆದಿದ್ದರೆ ಆ ಕಂಪ್ಯೂಟರನ್ನು ಇಂಟರ್‌ನೆಟ್‌ನಿಂದ ಬಿಡಿಸಿ, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಲು ಅವರಿಗೆ ಹೇಳಿರಿ.

ಮುಂಜಾಗ್ರತೆಯಾಗಿ ಇಮೇಲ್ ಡೊಮೈನ್‌ಗೆ ಡಿಮಾರ್ಕ್ ಎಂಬ, ಕಳುಹಿಸಿದವರು ಅಸಲಿಯೇ ಎಂದು ಪರೀಕ್ಷಿಸುವ ನಿಯಮವನ್ನು ಅಳವಡಿಸಿಕೊಳ್ಳುವುದು ಒಳ್ಳೆಯದು. ಅದು ನಿಮ್ಮದೇ ಡೊಮೈನ್‌ನ ಹೆಸರಿನಲ್ಲಿ ಬರುವ ಸುಳ್ಳು ಇಮೇಲನ್ನು ತಡೆಯಬಲ್ಲದು, ಅದರಂತೆ ಕಾಣುವ ಬೇರೆ ಡೊಮೈನನ್ನು ತಡೆಯಲಾರದು. ತಿಂಗಳಿಗೊಮ್ಮೆ ನಿಮ್ಮ ಕಂಪನಿಯ ಹೆಸರನ್ನು ತಾಣದಲ್ಲಿ ಹುಡುಕಿ, ಉದ್ಯೋಗಿಗಳ ಪಟ್ಟಿಯನ್ನು ಎಚ್‌ಆರ್ ದಾಖಲೆಯ ಪಕ್ಕದಲ್ಲಿಟ್ಟು ನೋಡಿರಿ. ಹಾಗೆ ನೋಡುವಾಗ ನಿಮ್ಮ ಅಸಲಿ ಪುಟದ ಅಡ್ಮಿನ್‌ಗಳ ಪಟ್ಟಿಯನ್ನೂ ತೆರೆಯಿರಿ. ಎಂದೋ ಕೆಲಸ ಬಿಟ್ಟು ಹೋದವರ ಹೆಸರು ಅಲ್ಲಿ ಇನ್ನೂ ಉಳಿದಿದ್ದರೆ ಆಗಲೇ ತೆಗೆಯಿರಿ.