ಅಜೋಲಾ ತೊಟ್ಟಿಗೆ ಡಕ್‌ವೀಡ್ ಕಾವಲು: ನನ್ನ ಅನುಭವ

ಮಳೆಗಾಲದಲ್ಲಿ ಅಜೋಲಾ (ದನದ ಮೇವಿಗೆ ತೊಟ್ಟಿಯಲ್ಲಿ ಬೆಳೆಸುವ, ನೀರಿನ ಮೇಲೆ ತೇಲುವ ಸಣ್ಣ ಜರಿಗಿಡ) ಸತ್ತರೆ ನಮ್ಮ ಶಿರಸಿ ಕಡೆ ಎಲ್ಲರದ್ದೂ ಒಂದೇ ಮಾತು: ಬಿಸಿಲಿಲ್ಲ, ಮಳೆ ಜಾಸ್ತಿ. ಅದು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಕೆಲಸ ಅಂತ ನಾನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸಲ ನನ್ನ ತೊಟ್ಟಿಯಲ್ಲಿ ಆಗಸ್ಟ್‌ನಲ್ಲೂ ಅಜೋಲಾ ತುಂಬಿತ್ತು.

ನಮ್ಮ ತೊಟ್ಟಿ ಅಡಿಕೆ ತೋಟದ ಕೆಳಗಿದೆ, ಬಸಿಗಾಲುವೆ ನೀರೇ ಗತಿ. ಕೊಳೆಗೆ ನೂರು ಲೀಟರಿಗೆ 1 ಕೆಜಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹಾಕಿ ಹೊಡೆಯುತ್ತೇವೆ. ಅಡಿಕೆ ಗೊನೆಗೆ ತಾಗುವುದೆಷ್ಟು, ನೆಲಕ್ಕೆ ಬೀಳುವುದೆಷ್ಟು ಗೊತ್ತಲ್ವಾ? ಪಾಚಿ ಸಾಯಲು ಲೀಟರಿಗೆ 1 ಮಿಲಿಗ್ರಾಂ ತಾಮ್ರವೂ ಬೇಡ. ಲವಣ ಕಡಿಮೆಯಿರುವ ಮೆದು ನೀರಿನಲ್ಲಂತೂ ಅದರ ಏಟು ಜಾಸ್ತಿ.

ಮೊದಲು ನೀರನ್ನು ಲ್ಯಾಬಿಗೆ ಕೊಟ್ಟೆ. ಸಾವಿರದ ಆಸುಪಾಸು ಹೋಯಿತು, ವರದಿ ಬರುವಷ್ಟರಲ್ಲಿ ಅಜೋಲಾ ಕೊಳೆತು ನಾರುತ್ತಿತ್ತು. ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ಅಳೆಯುವ ಟಿಡಿಎಸ್ ಪೆನ್ ತಂದೆ, ಮುನ್ನೂರು ದಂಡ. ಅದಕ್ಕೆ ಉಪ್ಪೂ ಒಂದೇ, ತಾಮ್ರವೂ ಒಂದೇ. ಅಜೋಲಾವನ್ನೇ ಬಾಟಲಿಗೆ ಹಾಕಿ ನೋಡಿದೆ. ಅದು ಬಿಸಿಲಿಗೂ ಕೆಂಪಾಗುತ್ತದೆ, ರಂಜಕ ಕಡಿಮೆಯಾದರೂ ಕೆಂಪಾಗುತ್ತದೆ, ಏನಂತ ತಿಳಿಯುವುದು? ಶೀಟು, ಗೊಬ್ಬರ, ಹೊಸ ಅಜೋಲಾ ಅಂತ ಆರೇಳು ಸಾವಿರ ಸುಮ್ನೆ ಹೋಯಿತು.

ಕೈ ಹಿಡಿದದ್ದು ಗದ್ದೆ ಹೊಂಡದ ಡಕ್‌ವೀಡ್, ನೀರಿನ ಮೇಲೆ ತೇಲುವ ಪುಟ್ಟ ಎಲೆಯ ಗಿಡ. ಎರಡು ಜಾಮ್ ಬಾಟಲಿ, ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಕಾಲುವೆ ನೀರು. ತಲಾ ಹತ್ತು ಹನ್ನೆರಡು ಎಲೆ. ನೇರ ಬಿಸಿಲು ಬೀಳದ, ಬೆಳಕಿರುವ ಜಗಲಿ. ವಾರಕ್ಕೆ ಬಾವಿ ನೀರಿನಲ್ಲಿ ನಲವತ್ತರ ಹತ್ತಿರ ಎಲೆ. ಔಷಧಿ ನೀರಿನಲ್ಲಿ ಹದಿನೈದಾದರೆ ಹೆಚ್ಚು. ಎಲೆ ಬಿಳಿಚುತ್ತದೆ, ಜೊತೆಗಿದ್ದ ಎಲೆಗಳು ಬಿಡಿಬಿಡಿಯಾಗುತ್ತವೆ. ಆದರೆ ಅಷ್ಟು ದಿನ ಕಾಯಬೇಕಿಲ್ಲ, ಬಾಟಲಿ ಎತ್ತಿ ಬೇರು ನೋಡಿ. ಕೂದಲೆಳೆಯಂಥ ಬೇರು ಎರಡು ಮೂರು ದಿನಕ್ಕೇ ಕಳಚಿ ತಳ ಸೇರಿರುತ್ತದೆ.

ಎರಡೂ ಬಾಟಲಿಗೆ ಒಂದೇ ಗೊಬ್ಬರ, ಒಂದೇ ಅಳತೆ ಇರಬೇಕು. ಸಗಣಿ ತಿಳಿ ಮಾತ್ರ ಬೇಡ. ಅದು ತಾಮ್ರವನ್ನು ಕಟ್ಟಿಹಾಕುತ್ತದೆ, ಕೆಟ್ಟ ನೀರೂ ಪಾಸಾಗಿಬಿಡುತ್ತದೆ.

ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟ ನೀರಿಗೂ ಡಕ್‌ವೀಡ್ ಬಿಟ್ಟೆ. ಅಲ್ಲೂ ಬೇರು ಉದುರಿತು! ಮನೆಯವಳು ಚೊಂಬನ್ನೇ ಅಟ್ಟಕ್ಕೆ ಹಾಕಿದಳು. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತನಕ ತಾಮ್ರ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ, ಮನುಷ್ಯ ಡಕ್‌ವೀಡ್ ಅಲ್ಲ ಎಂದರೂ ಕೇಳಲಿಲ್ಲ.

ಈಗ ಔಷಧಿ ಹೊಡೆದ ಮೇಲೆ ಬಾಟಲಿ ಪಾಸಾಗುವ ತನಕ ಕಾಲುವೆ ಬಂದ್, ತೊಟ್ಟಿಗೆ ಮನೆ ಮಾಡಿನಿಂದ ಬೀಳುವ ಮಳೆ ನೀರು. ನಕ್ಕಿದ್ದ ಪಕ್ಕದ ತೋಟದವರು ಮೊನ್ನೆ ಡಕ್‌ವೀಡ್ ಕೇಳಿಕೊಂಡು ಬಂದರು. ಒಂದು ಮುಷ್ಟಿ ಕೊಟ್ಟೆ. ಗೊಬ್ಬರ ಯಾವುದು, ಎಷ್ಟು ಅಂತ ಮಾತ್ರ ಹೇಳಲಿಲ್ಲ.