ತಬ್ಬಲಿ ಮರಿಗೆ ತಾಯಿ ಕೂಡಿಸಿದ್ದು: ನನ್ನ ಅನುಭವ

ಕುರಿ ಬೇರೆ ಮರಿಯನ್ನು ಒಪ್ಪುವುದಿಲ್ಲ, ಕಾಲು ಕಟ್ಟಿ ಕುಡಿಸಬೇಕಷ್ಟೇ ಎಂದವರೇ ಎಲ್ಲ. ಈ ಸಲ ಒಂಬತ್ತರಲ್ಲಿ ಏಳು ತಬ್ಬಲಿಗಳು ಕೂಡಿಕೊಂಡವು. ಬಾಟಲಿ ಹಾಲಿನ ಪುಡಿಗೆ ಮರಿಯೊಂದಕ್ಕೆ ಎರಡು ಸಾವಿರದ ಆಸುಪಾಸು ಹೋಗುತ್ತಿತ್ತು.

ಮೊದಲು ದುಡ್ಡು ಕಳೆದದ್ದು ಹಾಲಿಳಿಸುವ ಹಾರ್ಮೋನು ಆಕ್ಸಿಟೋಸಿನ್ ಚುಚ್ಚುಮದ್ದಿನಲ್ಲಿ. ತೊಡೆಗೆ ಕೊಡಿಸಿದರೆ ಹಾಲೇನೋ ಇಳಿಯಿತು, ಕುರಿ ಮರಿಯನ್ನು ಗುದ್ದುವುದು ನಿಲ್ಲಲಿಲ್ಲ. ರಕ್ತದಿಂದ ಮಿದುಳಿಗೆ ಅದು ದಾಟುವುದು ಅತ್ಯಲ್ಪ. ಮರಿ ಹೊರಬರುವಾಗ ಗರ್ಭಕೋಶದ ಬಾಯಿ ಹಿಗ್ಗಿ, ಆ ಸುದ್ದಿ ನರದಲ್ಲಿ ಮೇಲೇರಿದರೆ ಮಿದುಳು ತನ್ನೊಳಗೇ ಆಕ್ಸಿಟೋಸಿನ್ ಬಿಡುತ್ತದೆ. ತಾಯ್ತನ ಏಳುವುದು ಅದರಿಂದ. ಐದು ನಿಮಿಷ ಕೈಯಾರೆ ಹಿಗ್ಗಿಸಿದರೂ ಸಾಕೆಂದು ಕೆವರ್ನ್, ಲೆವಿ ಮತ್ತಿತರ ವಿಜ್ಞಾನಿಗಳು 1983ರಲ್ಲೇ ತೋರಿಸಿದ್ದರು. ಬೆನ್ನಿಗೆ ಮರಗಟ್ಟುವ ಮದ್ದು ಕೊಟ್ಟು ಮರಿ ತೆಗೆಸಿದ ಕುರಿ ಎಷ್ಟೋ ಸಲ ನೆಕ್ಕದೆ ನಿಲ್ಲುವುದೂ ಇದಕ್ಕೇ.

ಈದು ಎರಡು ಗಂಟೆಯೊಳಗಿನ, ಒಂದೇ ಮರಿ ಹಾಕಿದ ಕುರಿ ಆಗಬೇಕು. ಉದ್ದ ಕೈಗವಸು, ಲಿಕ್ವಿಡ್ ಪ್ಯಾರಾಫಿನ್. ಮೂರು ಬೆರಳು ಕುರಿಯ ಯೋನಿಯೊಳಗಿಟ್ಟು ಮೆಲ್ಲಗೆ ಅಗಲಿಸುತ್ತ ಮೂರರಿಂದ ಐದು ನಿಮಿಷ. ಕುರಿ ಮುಕ್ಕರಿಯುತ್ತದೆ, ಆಮೇಲೆ ಬಾಯಿ ತೆರೆಯದೆ ಗುರುಗುಡುತ್ತದೆ. ಆ ಸದ್ದು ಬಂತೆಂದರೆ ಅರ್ಧ ಗೆದ್ದಂತೆ. ಮರಿಯನ್ನು ಕೆಚ್ಚಲಿಗಲ್ಲ, ಮೂಗಿನ ಬಳಿ ಇಡಿ. ಅದಕ್ಕೂ ಮೊದಲು ಆ ಕುರಿಯದೇ ಹೆರಿಗೆ ನೀರನ್ನು ಮೈಗೆ, ಬಾಲದ ಬುಡಕ್ಕೆ ಚೆನ್ನಾಗಿ ಸವರಿರಬೇಕು. ಕುರಿ ಮೂಸಿ ಗುರುತು ಹಿಡಿಯುವುದು ಅಲ್ಲೇ. ಎರಡು ದಿನದ ಮರಿಯಾದರೆ ಕಾಲುಗಳನ್ನು ಸಡಿಲವಾಗಿ ಕಟ್ಟಿ, ಆಗತಾನೇ ಹುಟ್ಟಿದಂತೆ ಒದ್ದಾಡಲಿ. ನಾಲ್ಕು–ಐದು ಅಡಿಯ ಗೂಡಿನಲ್ಲಿ ಮೂರು ದಿನ. ಅದರ ಸ್ವಂತ ಮರಿಯನ್ನು ಎಷ್ಟು ಹೊತ್ತು ಮರೆಯಲ್ಲಿಡಬೇಕೆಂಬುದು ನನ್ನ ಹತ್ತಿರವೇ ಇರಲಿ.

ಕೆಟ್ಟದ್ದು ಎರಡೂ ಚೊಚ್ಚಲು ಕುರಿಗಳಲ್ಲಿ. ಹಿಂದೆ ಈದ ಮಿದುಳು ಪಳಗಿರುತ್ತದೆ, ಚೊಚ್ಚಲಿನದಕ್ಕೆ ಮೈಯ ಒತ್ತಡವೊಂದೇ ಸಾಲದು. ಒಂದು ಮರಿಗೆ ವಾಸನೆ ಮುಚ್ಚುವಂತೆ ಬೇವಿನೆಣ್ಣೆ ಹಚ್ಚಿಬಿಟ್ಟಿದ್ದೆವು, ಅದೂ ತಪ್ಪೇ.

ಹೆರಿಗೆ ನೀರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಬೆಚ್ಚಗೆ ಮಾಡಿ ಬಳಸಿಯೂ ನೋಡಿದೆ, ನಡೆಯಿತು. ಕಂದು ಹಾಕಿದ ಕುರಿಯದು ಮಾತ್ರ ಬೇಡ, ಕಂದು ಹಾಕಿಸುವ ಬ್ರುಸೆಲ್ಲಾ ರೋಗಾಣು ಹಟ್ಟಿಗೇ ಹರಡೀತು. ಸ್ವಂತ ಮರಿ ಸತ್ತಿದ್ದರೆ ಅದರ ಚರ್ಮವನ್ನೇ ತಬ್ಬಲಿಗೆ ಅಂಗಿಯಂತೆ ತೊಡಿಸುವುದು ಇನ್ನೂ ಸಲೀಸು, ಆದರೆ ಬೇಸಿಗೆಯಲ್ಲಿ ಎರಡನೇ ದಿನಕ್ಕೇ ಹುಳು. ಮುಂದಿನಿಂದ ತುಂಡು ತುಂಡಾಗಿ ಬಿಚ್ಚುತ್ತ ಬನ್ನಿ, ಬಾಲದ ಭಾಗ ಕೊನೆಗೆ.