ಬೋರ್ ಮಾಡಿಸುವ ಮುಂಚೆ ನಾನು ನೋಡುವುದು

‘ಪಿಕಪ್ ಇಲ್ಲ, ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಬಿಡಿ’ ಅನ್ನುತ್ತಾರೆ ಹಳೇ ಬುಲೆಟ್ 350 ಬೈಕ್ ತರುವವರು. ಬೋರ್ ಮಾಡಿಸುವುದು ಅಂದರೆ ಸಿಲಿಂಡರಿನ ಒಳಗನ್ನು ಕೊರೆದು ಅಗಲ ಮಾಡಿಸುವುದು. ನಾನು ಮೊದಲು ಲೆಕ್ಕ ಹೇಳುತ್ತೇನೆ. ಈ ಬೈಕಿನ ಬೋರ್ (ಸಿಲಿಂಡರಿನ ಒಳವ್ಯಾಸ) 70 ಮಿ.ಮೀ., ಅಂದರೆ ಪಿಸ್ಟನ್ ತಲೆಯ ವಿಸ್ತೀರ್ಣ ಸುಮಾರು 38.5 ಚದರ ಸೆಂ.ಮೀ. ಒಳಗಿನ ಒತ್ತಡ ಚದರ ಸೆಂ.ಮೀ.ಗೆ 30 ಕೆ.ಜಿ. ಅಂತಿಟ್ಟುಕೊಳ್ಳಿ, ಪಿಸ್ಟನ್ ಮೇಲೆ 1,155 ಕೆ.ಜಿ. ಬಲ ಬೀಳುತ್ತದೆ. ಅರ್ಧ ಮಿ.ಮೀ. ದೊಡ್ಡ (ಓವರ್‌ಸೈಜ್) ಪಿಸ್ಟನ್ ಹಾಕಿದರೆ ವಿಸ್ತೀರ್ಣ ನೂರಕ್ಕೆ ಒಂದೂವರೆಯಷ್ಟೂ ಹೆಚ್ಚುವುದಿಲ್ಲ. ಆದರೆ ಒತ್ತಡ 30ರಿಂದ 24ಕ್ಕೆ ಇಳಿದರೆ 231 ಕೆ.ಜಿ. ಹೋಯಿತು. ಹಾಗಾಗಿ ಒತ್ತಡ ಎಲ್ಲಿ ಸೋರುತ್ತಿದೆ ಅಂತಲೇ ಹುಡುಕುತ್ತೇನೆ.

ಥ್ರಾಟಲ್ ಪೂರ್ತಿ ತಿರುಗಿಸಿ ಕಿಕ್ ಹೊಡೆದು ಸಿಲಿಂಡರಿನೊಳಗಿನ ಒತ್ತಡ ತೋರಿಸುವ ಕಂಪ್ರೆಷನ್ ಗೇಜ್ ನೋಡುತ್ತೇನೆ. ರೀಡಿಂಗ್ ಕಮ್ಮಿ ಬಂದರೆ ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಹೊಡೆಯುತ್ತೇನೆ. ಮುಳ್ಳು ಏರಿದರೆ ಆಯಿಲ್ ಸಂದು ಮುಚ್ಚಿತು ಅಂತ, ಅಂದರೆ ಪಿಸ್ಟನ್ ಸುತ್ತಲಿನ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಸಿಲಿಂಡರಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ ಹೋಗಿದೆ. ಆಗ ಬೋರ್ ಮಾಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕಂಪ್ರೆಷನ್ ಚೆನ್ನಾಗಿದ್ದರೂ ಕಿಡಿ ಸರಿಯಾದ ಹೊತ್ತಿಗೆ ಬೀಳಬೇಕಲ್ವಾ? ಪಿಸ್ಟನ್ ತುತ್ತತುದಿಯಲ್ಲಿದ್ದಾಗ, ಅದನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ನೆಟ್ಟಗಿರುತ್ತದೆ. ಆಗ ಎಷ್ಟು ಬಲ ಬಿದ್ದರೂ ಕ್ರ್ಯಾಂಕ್ ತಿರುಗಲ್ಲ, ಸುಮ್ನೆ ಬೇರಿಂಗ್ ಏಟು ತಿನ್ನುತ್ತದೆ. ಕ್ರ್ಯಾಂಕ್ ತುದಿ ದಾಟಿ ಸುಮಾರು 15 ಡಿಗ್ರಿ ಹೋದಾಗ ಒತ್ತಡ ಎಲ್ಲಕ್ಕಿಂತ ಜಾಸ್ತಿ ಇರಬೇಕು. ಪೆಟ್ರೋಲ್ ಉರಿಯಲು ಹೊತ್ತು ಬೇಕಾದ್ದರಿಂದ ಕಿಡಿ ಮುಂಚೆಯೇ ಬೀಳಬೇಕು. ಪಾಯಿಂಟ್ (ಬಿಟ್ಟುಕೊಂಡಾಗ ಕಿಡಿ ಬೀಳಿಸುವ ಸ್ವಿಚ್) ಇರುವ ಹಳೇ 350ರಲ್ಲಿ, ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ತುದಿ ಮುಟ್ಟಲು 0.8 ಮಿ.ಮೀ. ಇರುವಾಗ ಪಾಯಿಂಟ್ ಬಿಡಬೇಕು. ಮೊದಲು ಪಾಯಿಂಟಿನ ಗ್ಯಾಪ್ ಸರಿಮಾಡಿಕೊಳ್ಳುತ್ತೇನೆ, ಯಾಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗೂ ಬದಲು. ಆಮೇಲೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನು ಪಾಯಿಂಟ್ ನಡುವೆ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತಾ ಇಂಜಿನ್ ತಿರುಗಿಸುತ್ತೇನೆ. ಕಾಗದ ಜಾರಿ ಕೈಗೆ ಬಂತೋ, ಕಿಡಿ ಬೀಳುವುದು ಅಲ್ಲೇ.

ಇಷ್ಟಾದ ಮೇಲೂ ಮುಳ್ಳಯ್ಯನಗಿರಿ ಹತ್ತಿಸುತ್ತಾ ‘ಗಾಡಿ ಎಳೀತಿಲ್ಲ’ ಅಂತ ಫೋನ್ ಮಾಡುವವರಿದ್ದಾರೆ. 1,930 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಐದರಲ್ಲೊಂದು ಪಾಲು ಕಮ್ಮಿ. ಸಿಲಿಂಡರಿಗೆ ಹೋಗುವ ಗಾಳಿಯೇ ಕಮ್ಮಿಯಾದರೆ ಬಲ ಎಲ್ಲಿಂದ ಬರಬೇಕು? ಗೇರ್ ಇಳಿಸಿ ಹತ್ತಿಸಿ ಅನ್ನುತ್ತೇನೆ.

ಬೋರ್ ನಿಜವಾಗಿಯೂ ಸವೆದಿದ್ದರೆ ಮಾಡಿಸಲೇಬೇಕು. ಆಗ ಹೊಸ ಪಿಸ್ಟನ್ ಮತ್ತು ಹಳೆಯದನ್ನು ತಕ್ಕಡಿಯಲ್ಲಿಟ್ಟು ನೋಡುತ್ತೇನೆ. ಭಾರ ಜಾಸ್ತಿಯಾದರೆ, ಸ್ಪೀಡ್ ಏರಿದ ಹಾಗೆ ಉರಿದ ಗ್ಯಾಸಿನ ಬಲದಲ್ಲಿ ಒಂದು ಪಾಲು ಪಿಸ್ಟನ್ನನ್ನು ತುದಿಯಿಂದ ವಾಪಸ್ ತಿರುಗಿಸುವುದಕ್ಕೇ ಹೋಗುತ್ತದೆ, ಹ್ಯಾಂಡಲ್ ನಡುಕವೂ ಹೆಚ್ಚುತ್ತದೆ.